ಕೇಬಲ್ ತೆಗೆಸಿ ಸ್ಟಿಕ್ ಹಾಕಿದ್ವಿ, ಸಂಜೆ 7 ಆಯ್ತಂದ್ರೆ ಸುತ್ತೋಕೆ ಶುರು, ಏನ್ ಮಾಡೋದು?

ತೋಟದಮನೆ_ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮನೆ ಸಾಗರದ ಹತ್ರ ಹಳ್ಳಿ, ನಾನಿರೋದು ಬೆಂಗಳೂರು, ಮನೇಲಿ ಅಪ್ಪಯ್ಯ ಅಮ್ಮ ಇಬ್ರೇ. ಮಳೆಗಾಲದಲ್ಲಿ ವಾರಕ್ಕೊಂದ್ಸಲ ಮರ ಬಿದ್ದು ಕೇಬಲ್ ತುಂಡಾಗೋದು, ಕೇಬಲ್ಲಿನವ ಬರೋದು ನಾಲ್ಕು ದಿನಕ್ಕೆ, ಆದ್ರೂ ತಿಂಗಳಿಗೆ 350 ರೂಪಾಯಿ ತಪ್ತಿರ್ಲಿಲ್ಲ. ಹೆಂಗೂ ಫೈಬರ್ ನೆಟ್ ಬಂದಿದೆ (50 ಎಂಬಿಪಿಎಸ್ ಪ್ಲಾನ್) ಅಂತ ದೀಪಾವಳಿಗೆ ಹೋದಾಗ ಕೇಬಲ್ ತೆಗೆಸಿ ಟಿವಿಗೆ ಒಂದು ಸ್ಟಿಕ್ (ನೆಟ್ಟಿಂದ ವಿಡಿಯೋ ತೋರ್ಸೋ ಪುಟ್ಟ ಡಿವೈಸ್) ಚುಚ್ಚಿ ಬಂದೆ. ಅಮ್ಮಂಗೆ ಸೀರಿಯಲ್ಲು, ಅಪ್ಪಯ್ಯಂಗೆ ನ್ಯೂಸು ಯಕ್ಷಗಾನ ಯೂಟ್ಯೂಬಲ್ಲಿ, ಅಷ್ಟೇ ಬೇಕಿರೋದು.

ಪ್ರಾಬ್ಲಂ ಏನಂದ್ರೆ ಹಗಲೆಲ್ಲ ಚೆನ್ನಾಗಿ ಬರುತ್ತೆ, ಸಂಜೆ 7ರಿಂದ 9ರ ತನಕ ವಿಡಿಯೋ ನಿಂತು ಚಕ್ರ ಸುತ್ತತ್ತೆ ಸುತ್ತತ್ತೆ ಸುತ್ತತ್ತೆ. ಕೆಲವು ಸಲ ಸ್ಟಿಕ್ಕೇ ಆಫ್ ಆಗಿ ಲೋಗೋ ಬಂದು ಮತ್ತೆ ಮೊದಲಿಂದ ಶುರುವಾಗತ್ತೆ. ಭಾನುವಾರ ಮಧ್ಯಾಹ್ನನೂ ಹಿಂಗೇ ಅಂತೆ. ವಿಚಿತ್ರ ಏನಂದ್ರೆ ನಾನು ಊರಿಗೆ ಹೋದಾಗ ಒಂದು ದಿನನೂ ಸುತ್ತಲ್ಲ! ನೆಟ್ಟಿನವ್ರಿಗೆ ಫೋನ್ ಮಾಡಿದ್ರೆ ನಮ್ಮ ಕಡೆಯಿಂದ ಕರೆಕ್ಟಾಗಿದೆ ಸರ್ ಅಂತಾರೆ. ಅಮ್ಮ ದಿನಾ ಫೋನ್ ಮಾಡಿ "ಆ ಕೇಬಲ್ಲಿನವನ ನಂಬರ್ ಕೊಡು" ಅಂತಿದಾಳೆ, ನನ್ ಮರ್ಯಾದೆ ಪ್ರಶ್ನೆ ಆಗಿದೆ.

ರೂಟರ್_ರಾಯ:
ಮೊದಲು ನಾಲ್ಕು ವಿಷಯ ಹೇಳಿ. ಸ್ಟಿಕ್‌ಗೆ ಕರೆಂಟ್ ಎಲ್ಲಿಂದ ಕೊಟ್ಟಿದೀರ, ರೂಟರ್ ಎಲ್ಲಿದೆ ಟಿವಿ ಎಲ್ಲಿದೆ, ಸ್ಟಿಕ್ ಕನೆಕ್ಟ್ ಆಗಿರೋದು ವೈಫೈನ ಎರಡು ಬ್ಯಾಂಡಲ್ಲಿ 2.4 ಗಿಗಾಹರ್ಟ್ಸ್‌ಗಾ 5ಕ್ಕಾ, ಮತ್ತೆ ಸುತ್ತೋ ಟೈಮಲ್ಲಿ ಸ್ಪೀಡ್ ಎಷ್ಟು ಬರ್ತಿದೆ. ಸ್ಪೀಡನ್ನ ಫೋನಲ್ಲಿ ನೋಡಿ ಹೇಳಬೇಡಿ, ಸ್ಟಿಕ್ಕಿಗೇ ಸ್ಪೀಡ್ ಟೆಸ್ಟ್ ಆಪ್ ಹಾಕಿ ನೋಡಿ, ಯಾಕಂದ್ರೆ ಫೋನ್ ಹಿಡ್ಕೊಂಡು ಎಲ್ರೂ ರೂಟರ್ ಪಕ್ಕದಲ್ಲೇ ನಿಂತು ನೋಡ್ತಾರೆ, ಟಿವಿ ಗೋಡೆಯಾಚೆ ಇರುತ್ತೆ. ಫುಲ್ ಎಚ್‌ಡಿಗೆ ನೆಟ್‌ಫ್ಲಿಕ್ಸ್‌ನವ್ರೇ 5 ಎಂಬಿಪಿಎಸ್ ಸಾಕು ಅಂತಾರೆ, 4ಕೆಗೆ 15. ನಿಮ್ ಹತ್ರ 50 ಇದೆ, ಪ್ಲಾನ್ ದೊಡ್ಡದು ಮಾಡಿಸೋಕೆ ಹೋಗ್ಬೇಡಿ, ದುಡ್ಡು ದಂಡ.

ಹುಬ್ಬಳ್ಳಿ_ಹವಾ:
ಸ್ಟಿಕ್ ತಾನ ಬಂದ್ ಆಗಿ ಚಾಲೂ ಆಗ್ತೈತಿ ಅಂದ್ರ ನೂರಕ್ಕ ತೊಂಬತ್ತು ಪಾಲು ಟಿವಿ ಹಿಂದಿನ ಯುಎಸ್‌ಬಿಗೆ ಚುಚ್ಚೀರಿ ನೋಡ್ರಿ. ಆ ಯುಎಸ್‌ಬಿ 2.0 ಪೋರ್ಟ್ ಕೊಡೋದು ಅರ್ಧ ಆಂಪಿಯರ್, ಸ್ಟಿಕ್ಕಿಗೆ ಬೇಕಾಗೋದು ಒಂದು. ಸುಮ್ನ ಮೆನು ನೋಡುವಾಗ ನಡೀತೈತಿ, ವಿಡಿಯೋ ಜೋರಾದ ಕೂಡ್ಲೆ ಕೈ ಎತ್ತತೈತಿ. ಡಬ್ಬಿ ಒಳಗ ಅಡಾಪ್ಟರ್ ಬಂದಿರತೈತಲ್ರೀ, ಅದನ್ನ ಯಾರೂ ಹಾಕಂಗಿಲ್ಲ, ಅದರಾಗ ಮೊಬೈಲ್ ಚಾರ್ಜ್ ಮಾಡ್ಕೋತ ಕುಂತಿರ್ತಾರ. ನಾನೂ ಎರಡು ತಿಂಗಳು ಹಿಂಗ ಒದ್ದಾಡೇನಿ.

ತೋಟದಮನೆ_ಹುಡುಗ:
ಹುಬ್ಬಳ್ಳಿಯವ್ರೇ ನಿಮಗೆ ದೊಡ್ಡ ನಮಸ್ಕಾರ, ಅದೇ ಆಗಿತ್ತು. ಅಡಾಪ್ಟರ್ ಅಪ್ಪಯ್ಯನ ಫೋನಿಗೆ ಹೋಗಿತ್ತು. ಹಾಕಿದ್ಮೇಲೆ ಸ್ಟಿಕ್ ಆಫ್ ಆಗೋದು ಪೂರ್ತಿ ನಿಂತಿದೆ. ಆದ್ರೆ ಸುತ್ತೋದು ಹಂಗೇ ಇದೆ.

ರೂಟರ್ ಜಗಲಿ ಪಕ್ಕದ ಕೋಣೇಲಿದೆ, ಟಿವಿ ನಡುಮನೇಲಿ. ಮಧ್ಯ ಜಂಬಿಟ್ಟಿಗೆ ಗೋಡೆ, ಅಜ್ಜನ ಕಾಲದ್ದು, ಒಂದೂವರೆ ಅಡಿ ದಪ್ಪ. 5 ಗಿಗಾಹರ್ಟ್ಸ್ ಅಲ್ಲಿಗೆ ಬರೋದೇ ಇಲ್ಲ, 2.4 ಮಾತ್ರ. ನಿನ್ನೆ ಅಮ್ಮಂಗೆ ಫೋನಲ್ಲೇ ಹೇಳ್ಕೊಟ್ಟು ಸ್ಪೀಡ್ ಟೆಸ್ಟ್ ಮಾಡಿಸ್ದೆ (ಮುಕ್ಕಾಲು ಗಂಟೆ ಬೇಕಾಯ್ತು ಮಾರಾಯ್ರೆ, "ಮೇಲಿನ ಗುಂಡಿ ಅಂದ್ರೆ ಯಾವ ಮೇಲೆ" ಅಂತ). ಬೆಳಿಗ್ಗೆ ಸ್ಟಿಕ್ಕಲ್ಲಿ 22, ಸಂಜೆ 7:15ಕ್ಕೆ 1.8. ಅದೇ ಟೈಮಿಗೆ ಅಪ್ಪಯ್ಯ ಜಗಲೀಲಿ 5 ಗಿಗಾಹರ್ಟ್ಸಲ್ಲಿ ನೋಡಿದ್ರೆ 48!

ಹಳೇ_ಕೇಬಲ್ಲಿನವ:
ನಾನು 18 ವರ್ಷ ಕೇಬಲ್ ಲೈನ್ ಎಳೆದವ, ಬೈಬೇಡಿ :) ಕೇಬಲ್ಲಲ್ಲಿ ಕಂಟ್ರೋಲ್ ರೂಮಿಂದ ಎಲ್ಲಾ ಚಾನೆಲ್ಲೂ ಎಲ್ಲರ ಮನೆಗೂ ಹರೀತಾನೇ ಇರ್ತವೆ, ಒಬ್ಬ ನೋಡಿದ್ರೂ ಸಾವಿರ ಜನ ನೋಡಿದ್ರೂ ಲೈನಿಗೆ ಏನೂ ಭಾರ ಇಲ್ಲ. ನೆಟ್ಟಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ತಂದು ಹಾಕಬೇಕು. ಅದಕ್ಕೇ ಸಂಜೆ ಹೊತ್ತು ಊರೆಲ್ಲ ಒಂದೇ ಸಲ ಕೂತ್ರೆ ಕೆಲವು ಕಡೆ ಜಾಮ್ ಆಗೋದು ಉಂಟು. ನಿಮ್ಮದೂ ಅದೇ ಅಂತ ಬರೆಯೋಕೆ ಬಂದೆ, ಆದ್ರೆ ಜಗಲೀಲಿ 48 ಬಂದಿದೆ ಅಂದ್ಮೇಲೆ ನೆಟ್ಟಿನವ ಹೇಳಿದ್ದು ಸತ್ಯ. ಹೊರಗಿಂದ ನೀರು ಬರ್ತಾ ಇದೆ, ನಿಮ್ ಮನೆ ಒಳಗೇ ಎಲ್ಲೋ ಸೋರ್ತಿದೆ.

ಇನ್ನೊಂದು, 350 ಯಾಕೆ ತಪ್ತಿರ್ಲಿಲ್ಲ ಅಂದ್ರಲ್ಲ. 2019ರ ಫೆಬ್ರವರಿ 1ಕ್ಕೆ ಟ್ರಾಯ್ (ಟಿವಿ, ಫೋನ್ ಕಂಪನಿಗಳಿಗೆ ರೂಲ್ ಮಾಡೋ ಸಂಸ್ಥೆ) ಹೊಸ ರೂಲ್ ಬಂದಾಗ ನೆಟ್‌ವರ್ಕ್ ಫೀ ಅಂತಲೇ 130 ರೂಪಾಯಿ ತನಕ, ಜಿಎಸ್‌ಟಿ ಸೇರಿ 153 ರೂ 40 ಪೈಸೆ ಇತ್ತು, ಅದರ ಮೇಲೆ ಪೇ ಚಾನೆಲ್ ದುಡ್ಡು ಬೇರೆ. ಬೈಸ್ಕೊಳ್ಳೋನು ಮಾತ್ರ ಮನೆಬಾಗಿಲಿಗೆ ಬರೋ ಹುಡುಗ. ಹಳೇ ಸೆಟ್‌ಟಾಪ್ ಬಾಕ್ಸ್ ವಾಪಸ್ ಕೊಟ್ರಾ? ಡಿಪಾಸಿಟ್ ಇದ್ರೆ ಕೇಳಿ ಇಸ್ಕೊಳ್ಳಿ.

ಕಾಫಿಪುಡಿ:
ಟಿವಿ ಆಪ್‌ಗಳ ವಿಷ್ಯ ನನಗೆ ಗೊತ್ತಿರೋದು ಹೇಳ್ತೀನಿ, ಎಲ್ರಿಗೂ ಉಪಯೋಗ ಆಗ್ಲಿ. ನಮ್ಮತ್ತೆಗೆ ನಾಲ್ಕು ಚಾನೆಲ್ ಸೀರಿಯಲ್ ಬೇಕು, ನಾಲ್ಕೂ ಒಂದು ಕಡೆ ಇಲ್ಲ. ಝೀ ಕನ್ನಡದ್ದು ಝೀ5ನಲ್ಲಿ, ಕಲರ್ಸ್ ಕನ್ನಡ ಮತ್ತು ಸುವರ್ಣ ಎರಡೂ ಜಿಯೋಹಾಟ್‌ಸ್ಟಾರಲ್ಲಿ (2025ರ ಫೆಬ್ರವರೀಲಿ ಎರಡು ಆಪ್ ಸೇರಿ ಒಂದಾದ್ಮೇಲೆ), ಉದಯದ್ದು ಸನ್ ನೆಕ್ಸ್ಟಲ್ಲಿ. ಫೋನ್ ರೀಚಾರ್ಜ್ ಜೊತೆ ಫ್ರೀ ಅಂತ ಬರೋ ಪ್ಲಾನುಗಳಲ್ಲಿ ಸುಮಾರು ಮೊಬೈಲ್ ಪ್ಲಾನುಗಳು, ಟಿವೀಲಿ ಓಡೋದೇ ಇಲ್ಲ, ನಾನು ಅದ್ರಲ್ಲಿ ಮೋಸ ಹೋದೆ. ಚಂದನಕ್ಕೆ ಪ್ರಸಾರ ಭಾರತಿಯವ್ರ ವೇವ್ಸ್ ಆಪ್ ಇದೆ. ನೆಟ್ಟೇ ಬೇಡ, ಚಂದನ ಸಾಕು ಅನ್ನೋರಿಗೆ ಡಿಡಿ ಫ್ರೀ ಡಿಶ್ ಇದೆ, ಒಂದ್ಸಲ ತಟ್ಟೆ ಬಾಕ್ಸ್ ತಗೊಂಡ್ರೆ ತಿಂಗಳ ಬಾಡಿಗೆ ಇಲ್ಲ.

ಮೂಲ ಪ್ರಶ್ನೆಗೆ: ಸಂಜೆ 7ಕ್ಕೆ ನಿಮ್ಮನೇಲಿ ಇನ್ನೇನು ಶುರುವಾಗತ್ತೆ? ಮೈಕ್ರೋವೇವ್? ಪಕ್ಕದ ಮನೆ ವೈಫೈ?

ತೋಟದಮನೆ_ಹುಡುಗ:
ಮೈಕ್ರೋವೇವ್ ಇಲ್ಲ, ಸೌದೆ ಒಲೆ ಮತ್ತೆ ಗ್ಯಾಸು. ಪಕ್ಕದ ಮನೆ ಅನ್ನೋದು ಹೊಳೆಯಾಚೆ, ಅವರ ವೈಫೈ ಇರ್ಲಿ ಅವರ ನಾಯಿ ಬೊಗಳೋದೂ ಕೇಳ್ಸಲ್ಲ.

ರೂಟರ್_ರಾಯ:
ಹಂಗಾದ್ರೆ ರೂಟರ್ ಒಳಗೆ ಹೋಗಿ. ಬ್ರೌಸರಲ್ಲಿ 192.168.1.1 ಹಾಕಿ (ರೂಟರ್ ಹಿಂದೆ ಚೀಟಿ ಮೇಲೆ ಪಾಸ್‌ವರ್ಡ್ ಇರುತ್ತೆ), ಯಾವ್ಯಾವ ಡಿವೈಸ್ ಕನೆಕ್ಟ್ ಆಗಿದೆ ಅಂತ ಲಿಸ್ಟ್ ತೋರಿಸುತ್ತೆ, ಪೂರ್ತಿ ಇಲ್ಲಿ ಹಾಕಿ.

ತೋಟದಮನೆ_ಹುಡುಗ:
ಅಪ್ಪಯ್ಯ ಫೋಟೋ ಕಳಿಸಿದ್ರು. ಎರಡು ಫೋನು, ಸ್ಟಿಕ್ಕು, ಅಂಗಳದ ಕ್ಯಾಮೆರಾ. ಕೊನೆಕೊಯ್ಲು ನಡೀತಿದೆಯಲ್ಲ, ಅಡಿಕೆ ಒಣಹಾಕಿರೋ ಕಡೆ ಕಳ್ಳರ ಕಾಟ ಅಂತ ಈ ಸಲ ಒಂದು ವೈಫೈ ಕ್ಯಾಮೆರಾ ಅಂಗಳದ ಆ ತುದಿ ಕಂಬಕ್ಕೆ ಹಾಕಿಸಿದ್ದೆ. ಅದು 2.4ರಲ್ಲೇ ಇದೆ. ಸಿಗ್ನಲ್ ಒಂದೇ ಒಂದು ಕಡ್ಡಿ.

ರೂಟರ್_ರಾಯ:
ಸಿಕ್ತು ಅನ್ಸುತ್ತೆ. ವೈಫೈ ಅಂದ್ರೆ ಮದುವೆಮನೆ ಪಂಕ್ತಿ ಇದ್ದಂಗೆ. ಒಬ್ಬರೇ ಬಡಿಸೋರು, ಒಂದು ಹೊತ್ತಿಗೆ ಒಬ್ಬರಿಗೇ. ಪಂಕ್ತೀಲಿ ಒಬ್ಬ ಅಜ್ಜ ಒಂದೊಂದೇ ಅಗುಳು ತಿಂತಾ ಕೂತ್ರೆ ಉಳಿದವ್ರೆಲ್ಲ ಕೈ ಒಣಗಿಸ್ಕೊಂಡು ಕಾಯಬೇಕು, ಏಳಂಗಿಲ್ಲ. ಆ ಅಜ್ಜ ನಿಮ್ಮ ಕ್ಯಾಮೆರಾ. ದೂರ ಇರೋದ್ರಿಂದ ಅದು ಮಾತಾಡೋದೇ ನಿಧಾನ, ಒಂದೇ ವಿಡಿಯೋ ತುಣುಕು ಕಳಿಸೋಕೆ ಹತ್ತಿರದ ಡಿವೈಸ್‌ಗಿಂತ ಹತ್ತಾರು ಪಟ್ಟು ಹೊತ್ತು ತಗೊಳ್ಳುತ್ತೆ, ಅಷ್ಟೂ ಹೊತ್ತು 2.4ರಲ್ಲಿ ಸ್ಟಿಕ್ಕಿಗೆ ಸರದಿ ಸಿಗಲ್ಲ. 5 ಗಿಗಾಹರ್ಟ್ಸ್ ಬೇರೆ ಪಂಕ್ತಿ, ಅದಕ್ಕೇ ಜಗಲೀಲಿ 48. ಕತ್ತಲಾದ್ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ಲೈಟಿಗೆ ಹುಳ ಮುತ್ತತ್ತೆ, ಅದನ್ನೇ ಕಳ್ಳ ಅಂದ್ಕೊಂಡು ಕ್ಲಿಪ್ ಕಳಿಸ್ತಾನೇ ಇರುತ್ತೆ. ಇವತ್ತು 7 ಗಂಟೆಗೆ ಹತ್ತು ನಿಮಿಷ ಅದನ್ನ ಆಫ್ ಮಾಡಿ ನೋಡಿ.

ತೋಟದಮನೆ_ಹುಡುಗ:
ಅಪ್ಪಯ್ಯ ಒಪ್ತಿಲ್ಲ. "ಸೀರಿಯಲ್ ನೋಡೋಕೆ ಅಡಿಕೆ ಬಿಟ್ಕೊಡ್ಲಾ" ಅಂತ ಕೇಳಿದ್ರು. ಆದ್ರೆ ಒಂದು ಡೌಟು, ಹುಳದಿಂದ ಅಂತಾದ್ರೆ ರಾತ್ರಿಯೆಲ್ಲ ಆಗ್ಬೇಕು, 9ರ ಮೇಲೆ ಸರಿ ಹೋಗತ್ತಲ್ಲ? ಭಾನುವಾರ ಮಧ್ಯಾಹ್ನ ಯಾವ ಹುಳ?

(ಮಾರನೇ ದಿನ)

ತೋಟದಮನೆ_ಹುಡುಗ:
ನಗಬೇಡಿ. ನಿನ್ನೆ ಆಫೀಸಿಂದ ಬರೋಷ್ಟ್ರಲ್ಲಿ ಸಿಲ್ಕ್ ಬೋರ್ಡಲ್ಲಿ ಸಿಕ್ಕಾಕೊಂಡು ರೂಮ್ ಸೇರಿದ್ದು ಎಂಟೂವರೆ. ಅಮ್ಮನೇ ಫೋನ್ ಮಾಡಿ "ಇವತ್ತು ಒಂದ್ಸಲನೂ ನಿಲ್ಲಲಿಲ್ಲ, ಏನ್ ಮಾಡ್ದೆ" ಅಂದ್ಲು. ನಾನೇನೂ ಮಾಡಿಲ್ವಲ್ಲ ಅಂತ ಹೇಳ್ತಾ ಹೇಳ್ತಾನೇ ದಿನದ ಅಭ್ಯಾಸದಂಗೆ ಟ್ಯಾಬಲ್ಲಿ ಕ್ಯಾಮೆರಾ ಆಪ್ ತೆಗೆದೆ. ಅಂಗಳ ಬಂತು, ಅಡಿಕೆ ಬಂತು, ಅತ್ಲಾಗಿಂದ ಅಮ್ಮ "ಹಾ, ನಿಂತ್ತು ನೋಡು" ಅಂದ್ಲು. ಆಪ್ ಮುಚ್ಚಿದೆ. "ಬಂತು." ತೆಗೆದೆ. "ನಿಂತ್ತು."

ದಿನಾ ರೂಮಿಗೆ ಬಂದು 7ಕ್ಕೆ ಅದನ್ನ ಹಾಕಿ ಪಕ್ಕದಲ್ಲಿ ಇಟ್ಕೊಂಡು ಅಡುಗೆ ಊಟ ಎಲ್ಲ ಮಾಡೋದು ನಾನೇ, ಜೀರುಂಡೆ ಸದ್ದು ಕೇಳ್ಕೊಂಡು. 9ಕ್ಕೆ ಆಫ್. ಭಾನುವಾರ ರಜೆ ಅಂತ ಮಧ್ಯಾಹ್ನನೂ. ಊರಿಗೆ ಹೋದಾಗ ಕ್ಯಾಮೆರಾ ಯಾಕೆ ನೋಡ್ಲಿ, ಅಂಗಳನೇ ಎದುರಿಗಿರುತ್ತೆ.

ಹುಬ್ಬಳ್ಳಿ_ಹವಾ:
ಯಪ್ಪಾ! ಕಳ್ಳ ಸಿಕ್ಕ ಬಿಟ್ಟ. ಕ್ಯಾಮೆರಾ ಹಾಕ್ಸಿದ್ದು ಸಾರ್ಥಕ ಆತು ಬಿಡ್ರಿ.

ರೂಟರ್_ರಾಯ:
ಹುಳದ ಮೇಲೆ ತಪ್ಪು ಹೊರಿಸಿದ್ದಕ್ಕೆ ಕ್ಷಮೆ ಇರಲಿ :) ಈಗ ಪರಿಹಾರ. ಇವತ್ತೇ ಆಗೋದು: ಆಪಲ್ಲಿ ಲೈವ್ ಕ್ವಾಲಿಟಿ ಎಚ್‌ಡಿಯಿಂದ ಎಸ್‌ಡಿಗೆ ಇಳಿಸಿ, ಮೆಮೊರಿ ಕಾರ್ಡಲ್ಲಿ ರೆಕಾರ್ಡ್ ಆಗೋದು ಎಚ್‌ಡಿಯಲ್ಲೇ ಇರಲಿ. ಖಾಯಂ ಮಾಡ್ಬೇಕಂದ್ರೆ ರೂಟರನ್ನೇ ನಡುಮನೆಗೆ ತರಿಸಿ ಸ್ಟಿಕ್‌ನ 5ಕ್ಕೆ ಹಾಕಿ. ಫೈಬರ್ ವೈರ್ ನೀವೇ ಎಳೀಬೇಡಿ, ಚೂಪಾಗಿ ಮಡಚಿದ್ರೆ ಒಳಗಿನ ಗಾಜಿನ ಎಳೆ ಮುರಿಯುತ್ತೆ, ನೆಟ್ಟಿನವ್ರನ್ನೇ ಕರೀರಿ. ಆಮೇಲೆ ಮನೇಲಿ ಹಳೇ ರೂಟರ್ ಬಿದ್ದಿದ್ರೆ ಅದರ ಐಪಿ (ನೆಟ್‌ವರ್ಕಲ್ಲಿ ಅದರ ವಿಳಾಸ) 192.168.1.2 ಅಂತ ಬದಲಾಯಿಸಿ, ಡಿಎಚ್‌ಸಿಪಿ (ಉಳಿದ ಡಿವೈಸ್‌ಗಳಿಗೆ ವಿಳಾಸ ಹಂಚೋ ಕೆಲಸ) ಆಫ್ ಮಾಡಿ ಜಗಲೀಲಿಡಿ, ಹೊಸದರಿಂದ ಒಳಗೊಳಗೇ ಒಂದು ಲ್ಯಾನ್ ವೈರ್. ಒಂದಕ್ಕೆ ವೈಫೈ ಚಾನೆಲ್ 1, ಇನ್ನೊಂದಕ್ಕೆ 11 ಕೊಡಿ, ಕ್ಯಾಮೆರಾ ಹಳೇದಕ್ಕೆ. ಅಲ್ಲಿಗೆ ಎರಡು ಪಂಕ್ತಿ ಆಯ್ತು. ಕ್ಯಾಮೆರಾ ಲ್ಯಾನ್ ಪೋರ್ಟ್ ಇರೋದಾದ್ರೆ ನೇರ ವೈರೇ ಎಳೀಬಹುದು, 100 ಮೀಟರ್ ತನಕ ತೊಂದ್ರೆ ಇಲ್ಲ.

ಹಳೇ_ಕೇಬಲ್ಲಿನವ:
ಅಂಗಳದ ಕಂಬದಿಂದ ಮನೆಯೊಳಗೆ ತಾಮ್ರದ ವೈರ್ ಮಾತ್ರ ಎಳೀಬೇಡಿ ರಾಯರೇ, ಅದು ಮಲೆನಾಡು. ಮುಂಗಾರಿಗೆ ಮುಂಚೆ ಗುಡುಗು ಶುರುವಾದ್ರೆ ಸಿಡಿಲು ಆ ವೈರ್ ಹಿಡ್ಕೊಂಡೇ ಒಳಗೆ ಬರುತ್ತೆ. ಒಂದೇ ಸಂಜೆ ಒಂದು ಬೀದಿಯ ಅಷ್ಟೂ ಆಂಪ್ಲಿಫೈಯರ್ ಕಪ್ಪಾಗಿದ್ದನ್ನ ಕೈಯಾರೆ ಬಿಚ್ಚಿದೀನಿ. ವೈಫೈಯಲ್ಲೇ ಇರ್ಲಿ.

ತೋಟದಮನೆ_ಹುಡುಗ:
ಅಪ್ಡೇಟ್: ಎಸ್‌ಡಿಗೆ ಇಳಿಸಿದ್ದಕ್ಕೇ ಮುಕ್ಕಾಲು ಭಾಗ ಸರಿ ಹೋಗಿತ್ತು. ಶನಿವಾರ ಊರಿಗೆ ಹೋಗಿ ನೆಟ್ಟಿನವ್ರನ್ನ ಕರೆಸಿ ರೂಟರ್ ನಡುಮನೆಗೆ ತಂದ್ವಿ, ಹಳೇ ರೂಟರ್ ಅಟ್ಟದ ಮೇಲಿತ್ತು, ಅದನ್ನ ಜಗಲೀಲಿ ಕೂರಿಸಿದೀನಿ. ಭಾನುವಾರ ಸಂಜೆ ಬಸ್ಸಲ್ಲಿ ಕೂತು ಕ್ಯಾಮೆರಾ ತೆಗೆದೇ ಅಮ್ಮಂಗೆ ಸ್ಪೀಡ್ ನೋಡೋಕೆ ಹೇಳ್ದೆ, ಸ್ಟಿಕ್ಕಲ್ಲಿ 44.

ಅಪ್ಪಯ್ಯಂದು ಒಂದೇ ದೂರು ಉಳಿದಿದೆ, ಕೇಬಲ್ಲಲ್ಲಿ ಬರ್ತಿದ್ದ ಲೋಕಲ್ ಚಾನೆಲ್ ಇಲ್ಲ ಅಂತ. ಯಾರು ತೀರ್ಕೊಂಡ್ರು, ಎಲ್ಲಿ ಯಕ್ಷಗಾನದ ಆಟ, ನಾಳೆ ಎಲ್ಲೆಲ್ಲಿ ಕರೆಂಟಿಲ್ಲ ಎಲ್ಲ ಅದ್ರಲ್ಲೇ ಬರ್ತಿತ್ತು. ಇದಕ್ಕೇನಾದ್ರೂ ದಾರಿ ಇದೆಯಾ?

ಹಳೇ_ಕೇಬಲ್ಲಿನವ:
ನಮ್ಮೂರ ಲೋಕಲ್ ಚಾನೆಲಿನವ್ರು ಈಗ ಯೂಟ್ಯೂಬಲ್ಲೂ ಬಿಡ್ತಾರೆ, ನಿಮ್ಮ ಕಡೆಯವ್ರನ್ನೂ ಕೇಳಿ ನೋಡಿ. ಇಲ್ಲಾಂದ್ರೆ ಬೆಳಿಗ್ಗೆ ಪೇಟೆ ಹೋಟ್ಲಲ್ಲಿ ಒಂದು ಟೀ ಕುಡೀಲಿ, ಎಲ್ಲಾ ಸುದ್ದಿ ಬರುತ್ತೆ.

ಕಾಫಿಪುಡಿ:
ಅಮ್ಮ ಈಗ ಖುಷೀನಾ?

ತೋಟದಮನೆ_ಹುಡುಗ:
ಖುಷಿ. ಸಾಲಾಗಿ ಹಳೇ ಕಂತು ಹಾಕ್ಕೊಂಡು ಕೂತ್ರೆ ನಡುವೆ "ನೀವು ಇನ್ನೂ ನೋಡ್ತಿದ್ದೀರಾ" ಅಂತ ಕೇಳತ್ತಲ್ಲ, ಅಮ್ಮ ರಿಮೋಟ್ ಮುಟ್ಟಲ್ಲ, ಟಿವಿ ಕಡೆ ತಿರುಗಿ "ಹ್ಞೂಂ, ನೋಡ್ತಿದೀನಿ" ಅಂತಾಳೆ. ಆ ಪ್ರಶ್ನೆ ಬರದಂಗೆ ಆಫ್ ಮಾಡೋದು ಎಲ್ಲಿ ಅಂತ ಯಾರಿಗಾದ್ರೂ ಗೊತ್ತಿದ್ರೆ ಹೇಳಿ.