ಎಫ್‌ಪಿಯು ಇಲ್ಲದ ಪ್ರೊಸೆಸರಿನಲ್ಲಿ ದಶಮಾಂಶದ ಲೆಕ್ಕ: ಓದುಗರ ಸ್ಪಂದನ

(ಎಫ್‌ಪಿಯು, ಅಂದರೆ ದಶಮಾಂಶದ ಲೆಕ್ಕಕ್ಕೆಂದೇ ಇರುವ ಘಟಕ, ಇಲ್ಲದ ಆರ್ಮ್ 926 ಪ್ರೊಸೆಸರಿನ ಹಳೆಯ ಲಿನಕ್ಸ್ ಬೋರ್ಡಿನಲ್ಲಿ ಸೆನ್ಸರ್ ಫಿಲ್ಟರ್ ಪ್ರೋಗ್ರಾಂ ತೀರಾ ನಿಧಾನವಾಗಿದೆ ಎಂದು ಓದುಗರೊಬ್ಬರು ಬರೆದಿದ್ದ ಸಮಸ್ಯೆಗೆ ಬಂದ ಉತ್ತರಗಳು.)

ಪ್ರೋಗ್ರಾಂ ನಿಧಾನವೆಂದು ಬರೆದಿದ್ದೀರಿ, ಆದರೆ ಸಮಯ ಎಲ್ಲಿ ಖರ್ಚಾಗುತ್ತಿದೆ ಎಂಬುದನ್ನು ತಿಳಿಸಿಲ್ಲ. ಅದನ್ನು ‘ಟೈಮ್’ ಕಮಾಂಡಿನೊಂದಿಗೆ ಓಡಿಸಿ ಯೂಸರ್ (ಪ್ರೋಗ್ರಾಂ ತಾನೇ ಬಳಸಿದ) ಮತ್ತು ಸಿಸ್ಟಮ್ (ಅದಕ್ಕಾಗಿ ಕರ್ನಲ್, ಅಂದರೆ ಲಿನಕ್ಸಿನ ತಿರುಳು, ಬಳಸಿದ) ಸಮಯಗಳನ್ನು ಹೋಲಿಸಿ ನೋಡಿ. ಬರಿಯ ಲೆಕ್ಕ ಮಾಡುವ ಪ್ರೋಗ್ರಾಂಗೆ ಸಿಸ್ಟಮ್ ಸಮಯ ಹೆಚ್ಚಾಗಿದ್ದರೆ, ಕಂಪೈಲರ್ ಎಫ್‌ಪಿಎ ಎಂಬ ಆರ್ಮ್‌ನ ಹಳೆಯ ದಶಮಾಂಶ ಘಟಕದ ಇನ್‌ಸ್ಟ್ರಕ್ಷನ್‌ಗಳನ್ನು ಹಾಕಿರುವ ಸಂಭವವೇ ಹೆಚ್ಚು. ಅವು ನಿಮ್ಮ ಪ್ರೊಸೆಸರಿಗೆ ಅರ್ಥವಾಗುವುದಿಲ್ಲವಾದ್ದರಿಂದ ಅಂಥದೊಂದು ಎದುರಾದಾಗ ಎಕ್ಸೆಪ್ಷನ್ (ಪ್ರೋಗ್ರಾಂ ತಡೆದು ಕರ್ನಲ್‌ಗೆ ಹೋಗುವ ಕರೆ) ಎದ್ದು, ಕರ್ನಲ್‌ನಲ್ಲಿದ್ದು ಎಫ್‌ಪಿಎಯನ್ನು ಅನುಕರಿಸುವ ಎನ್‌ಡಬ್ಲ್ಯುಎಫ್‌ಪಿಇ ಎಮ್ಯುಲೇಟರ್ ಅದನ್ನು ಬಿಡಿಸಿ ಓದಿ, ಲೆಕ್ಕ ಮಾಡಿ, ಪ್ರೋಗ್ರಾಂಗೆ ಮರಳಬೇಕಾಗುತ್ತದೆ. ಒಂದು ಗುಣಾಕಾರಕ್ಕೆ ಇಷ್ಟು ಓಡಾಟ! ಸಾಫ್ಟ್-ಫ್ಲೋಟ್ ಆಯ್ಕೆಯಿಂದ ಕಂಪೈಲ್ ಮಾಡಿದರೆ ಅದೇ ಕೆಲಸ ಲೈಬ್ರರಿಯ ಸಾಮಾನ್ಯ ಫಂಕ್ಷನ್ ಕರೆಯಲ್ಲಿ ಮುಗಿಯುತ್ತದೆ. ಆದರೆ ನಿಮ್ಮ ಪ್ರೋಗ್ರಾಂ ಒಂದನ್ನೇ ಹಾಗೆ ಬದಲಿಸಬೇಡಿ. ಎಫ್‌ಪಿಎಗಾಗಿ ಕಟ್ಟಿದ ಸಿ ಲೈಬ್ರರಿ ಉತ್ತರವನ್ನು ಎಫ್‌ಪಿಎ ರಿಜಿಸ್ಟರಿನಲ್ಲಿ ಇಡುತ್ತದೆ, ನಿಮ್ಮ ಕೋಡ್ ಅದನ್ನು ಸಾಮಾನ್ಯ ರಿಜಿಸ್ಟರಿನಲ್ಲಿ ಹುಡುಕುತ್ತದೆ. ಲೈಬ್ರರಿಗಳೂ ಸೇರಿದಂತೆ ಬೋರ್ಡಿನ ಇಡೀ ರೂಟ್ ಫೈಲ್‌ಸಿಸ್ಟಮನ್ನು ಒಂದೇ ಇಎಬಿಐ (ಆರ್ಮ್‌ನ ಹೊಸ ಫಂಕ್ಷನ್ ಕರೆಯ ಕಟ್ಟಳೆ) ಟೂಲ್‌ಚೈನಿನಿಂದ ಕಟ್ಟುವುದು ಕ್ಷೇಮ.
— ಬೋರ್ಡ್ ಸಪೋರ್ಟ್ ಎಂಜಿನಿಯರ್

ಸೆನ್ಸರಿನ ಸಂಕೇತವನ್ನು ಸಂಖ್ಯೆಯಾಗಿಸುವ ಎಡಿಸಿಯಿಂದ ಬರುವುದು ಹೇಗೂ ಪೂರ್ಣಾಂಕವಾಗಿರುವಾಗ ಫ್ಲೋಟಿಂಗ್ ಪಾಯಿಂಟ್ (ದಶಮಾಂಶದ ಲೆಕ್ಕ) ಬೇಕೇ ಎಂಬುದು ನನ್ನ ಪ್ರಶ್ನೆ. ಫಿಲ್ಟರಿನ ಗುಣಾಂಕಗಳನ್ನು 65536ರಿಂದ ಗುಣಿಸಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ, ಆಗ 0.1 ಎಂಬುದು 6554 ಆಗುತ್ತದೆ. ಗುಣಲಬ್ಧವನ್ನು 64 ಬಿಟ್‌ಗಳಲ್ಲಿ ಹಿಡಿದು ನಂತರ 16 ಬಿಟ್ ಬಲಕ್ಕೆ ಸರಿಸಿ. ಈ ಪ್ರೊಸೆಸರಿನಲ್ಲಿ ಪೂರ್ಣಾಂಕದ ಭಾಗಾಕಾರಕ್ಕೂ ಇನ್‌ಸ್ಟ್ರಕ್ಷನ್ ಇಲ್ಲವಾದ್ದರಿಂದ ಭಾಗಿಸುವುದನ್ನು ಆದಷ್ಟು ತಪ್ಪಿಸಿ.

ನನ್ನನ್ನು ಎರಡು ದಿನ ಕಾಡಿದ ಒಂದು ತಪ್ಪನ್ನು ಹೇಳಲೇಬೇಕು. ಹೊಸ ಅಳತೆಗೂ ಹಳೆಯ ಸರಾಸರಿಗೂ ಇರುವ ವ್ಯತ್ಯಾಸವನ್ನು ಮೂರು ಬಿಟ್ ಬಲಕ್ಕೆ ಸರಿಸಿ ಸರಾಸರಿಗೆ ಕೂಡುವ ಫಿಲ್ಟರ್ ಅದು. ವ್ಯತ್ಯಾಸ 8ಕ್ಕಿಂತ ಕಡಿಮೆಯಾದೊಡನೆ ಕೂಡಬೇಕಾದದ್ದು ಸೊನ್ನೆಯಾಗುವುದರಿಂದ, ಏರುವ ಸರಾಸರಿ ಗುರಿಗಿಂತ 7ರಷ್ಟು ಕೆಳಗೇ ನಿಂತುಬಿಡುತ್ತಿತ್ತು. ಇಳಿಯುವಾಗ ಮಾತ್ರ, ಋಣಸಂಖ್ಯೆಯನ್ನು ಸರಿಸಿದರೆ ಕೊನೆಗೆ −1 ಆದರೂ ಉಳಿಯುವುದರಿಂದ, ಗುರಿಯನ್ನು ಸರಿಯಾಗಿ ಮುಟ್ಟುತ್ತಿತ್ತು. ಹೀಗಾಗಿ ನಾನು ಸೆನ್ಸರನ್ನೇ ಅನುಮಾನಿಸಿ ಬದಲಿಸಿದ್ದೆ. ಸರಾಸರಿಯನ್ನು ಕೆಳಗಿನ ಬಿಟ್‌ಗಳ ಸಮೇತ ದೊಡ್ಡ ಅಳತೆಯಲ್ಲಿ ಉಳಿಸಿಕೊಂಡು, ಹೊರಗೆ ಕೊಡುವಾಗಷ್ಟೇ ಕತ್ತರಿಸಿ.
— ಉಪಕರಣ ತಯಾರಿಕೆಯಲ್ಲಿರುವ ಓದುಗ

ಫ್ಲೋಟಿಂಗ್ ಪಾಯಿಂಟನ್ನೇ ಉಳಿಸಿಕೊಳ್ಳುವುದಾದರೆ ಒಂದು ಸಣ್ಣ ಮಾತು. ಸಿ ಭಾಷೆಯಲ್ಲಿ 0.1 ಎಂದಷ್ಟೇ ಬರೆದರೆ ಅದು 64 ಬಿಟ್‌ನ ಡಬಲ್. 32 ಬಿಟ್‌ನ ಫ್ಲೋಟ್ ಚಲಕವನ್ನು ಅದರಿಂದ ಗುಣಿಸಿದರೆ ಇಡೀ ಲೆಕ್ಕ ಸದ್ದಿಲ್ಲದೆ 64 ಬಿಟ್‌ಗೆ ಏರಿ, ಎಫ್‌ಪಿಯು ಇಲ್ಲದ ಕಡೆ ದುಬಾರಿಯಾಗುತ್ತದೆ. ಸಂಖ್ಯೆಯ ಕೊನೆಗೆ ‘ಎಫ್’ ಅಕ್ಷರ ಸೇರಿಸಿ ನೋಡಿ.
— ವಿದ್ಯಾರ್ಥಿನಿ