ಹಾವು ಕಡಿತದ ಪೇಪರ್ ಮೂರೇ ದಿನಕ್ಕೆ ಅಕ್ಸೆಪ್ಟ್ ಆಯ್ತು, ದುಡ್ಡು ಕಟ್ಟಬೇಕಾ?

ಹಾಸನ_ಪಿಜಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಜನರಲ್ ಮೆಡಿಸಿನ್ ಎಂಡಿ ಮಾಡುತ್ತಿದ್ದೇನೆ, ಕೊನೇ ವರ್ಷ. ಕಾಲೇಜಿನ ಹೆಸರು ಬೇಡ. ಥೀಸಿಸ್ ಹಾವು ಕಡಿತದ ಮೇಲೆ. ಸಕಲೇಶಪುರ, ಆಲೂರು, ಬೇಲೂರು ಕಡೆಯಿಂದ ಬಂದ ಕೇಸುಗಳು, ಜಾಸ್ತಿ ಜನ ತೋಟದ ಕೆಲಸದವರು. ನೈಟ್ ಡ್ಯೂಟಿಯಲ್ಲಿ ಹಾವು ಕಡಿತ ಬಂತು ಅಂದರೆ ರಕ್ತ ಟೆಸ್ಟ್ ಟ್ಯೂಬಿಗೆ ಹಾಕಿ, ಇಪ್ಪತ್ತು ನಿಮಿಷ ಗಡಿಯಾರ ನೋಡುತ್ತಾ ಕೂತು, ಹೆಪ್ಪುಗಟ್ಟಿತಾ ಇಲ್ವಾ ಅಂತ ಬರೆದುಕೊಳ್ಳುತ್ತಿದ್ದೆ. ಎರಡು ವರ್ಷ ಹೀಗೇ ಮಾಡಿದ್ದೇನೆ.

ಇದನ್ನು ಪೇಪರ್ ಮಾಡು, ಪರೀಕ್ಷೆಗೆ ಮೊದಲೇ ಪಬ್ಲಿಷ್ ಆಗಲಿ ಅಂತ ಗೈಡ್ ಹೇಳಿದರು. ಅದೇ ಹೊತ್ತಿಗೆ ಒಂದು ಜರ್ನಲಿನಿಂದ ಮೇಲ್ ಬಂತು. 'ಗೌರವಾನ್ವಿತ ಪ್ರೊಫೆಸರ್' ಅಂತ ಕರೆದಿದ್ದರು, ನಾನು ಪ್ರೊಫೆಸರ್ ಅಲ್ಲ. ಆದರೂ ಕಳಿಸಿದೆ. ಮೂರೇ ದಿನಕ್ಕೆ ಅಕ್ಸೆಪ್ಟ್ ಅಂತ ಉತ್ತರ ಬಂತು, ಒಂದು ಅಕ್ಷರ ತಿದ್ದಿ ಅಂತಲೂ ಹೇಳಲಿಲ್ಲ. ಜೊತೆಗೆ 14,500 ರೂಪಾಯಿ ಬಿಲ್. ಕಳಿಸುವಾಗ ದುಡ್ಡಿನ ವಿಷಯ ಎಲ್ಲೂ ಇರಲಿಲ್ಲ. ನನಗೆ ಅನುಮಾನ ಬಂದು ವಾಪಸ್ ತಗೊಳ್ತೀನಿ ಅಂತ ಬರೆದರೆ, ಅದಕ್ಕೂ ಫೀಸ್ ಕಟ್ಟಬೇಕಂತೆ, ಇಲ್ಲದಿದ್ದರೆ ಹಾಗೇ ಹಾಕಿಬಿಡ್ತೀವಿ ಅಂತಾರೆ. ಐಎಸ್‌ಎಸ್‌ಎನ್ ಇದೆ, ಇಂಪ್ಯಾಕ್ಟ್ ಫ್ಯಾಕ್ಟರ್ ಇದೆ ಅಂತ ವೆಬ್‌ಸೈಟಿನಲ್ಲಿ ಹಾಕಿಕೊಂಡಿದ್ದಾರೆ.

ದುಡ್ಡು ಕಟ್ಟಿ ಮುಗಿಸಿಬಿಡಲಾ? ಅಥವಾ ಬಿಡಿಸಿಕೊಳ್ಳೋಕೆ ದಾರಿ ಇದೆಯಾ? ನಿದ್ದೆ ಬರ್ತಿಲ್ಲ.

ಮೆಡಿಸಿನ್_ಟೀಚರ್

ದುಡ್ಡು ಕಟ್ಟಬೇಡಿ. ವಾಪಸ್ ತಗೊಳ್ಳೋಕೂ ಕಟ್ಟಬೇಡಿ.

ಮೊದಲು ಒಂದು ವಿಷಯ ಹೇಳಿ, ಕಾಪಿರೈಟ್ ಫಾರ್ಮಿಗೆ ಸಹಿ ಹಾಕಿದ್ದೀರಾ? ಹಾಕಿಲ್ಲ ಅಂದರೆ ಪೇಪರ್ ಇನ್ನೂ ನಿಮ್ಮದೇ. ಇವತ್ತೇ ಒಂದು ಮೇಲ್ ಬರೆಯಿರಿ: ನಾವು ಈ ಪೇಪರ್ ವಾಪಸ್ ತೆಗೆದುಕೊಂಡಿದ್ದೇವೆ, ಪ್ರಕಟಿಸಲು ಒಪ್ಪಿಗೆ ಇಲ್ಲ, ಹಕ್ಕು ಬಿಟ್ಟುಕೊಟ್ಟಿಲ್ಲ. ಇಷ್ಟು ಸಾಕು, ಬೇಡಿಕೊಳ್ಳಬೇಡಿ, ಕಾರಣ ಕೊಡಬೇಡಿ. ಗೈಡ್ ಸೇರಿ ಎಲ್ಲ ಲೇಖಕರಿಗೂ ಅದರ ಪ್ರತಿ ಹೋಗಲಿ. ಅವರು ಕಳಿಸಿದ ಪ್ರತಿಯೊಂದು ಮೇಲನ್ನೂ, ಬಿಲ್ಲನ್ನೂ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಈ ಮೇಲ್ ಹೋಗುವ ಮೊದಲು ಬೇರೆ ಜರ್ನಲಿಗೆ ಕಳಿಸಬೇಡಿ, ಒಂದೇ ಪೇಪರ್ ಎರಡು ಕಡೆ ಇದ್ದರೆ ತಪ್ಪು ನಿಮ್ಮ ಮೇಲೆ ಬರುತ್ತದೆ. ಅಷ್ಟಾದರೂ ಅವರು ಹಾಕಿಬಿಟ್ಟರೆ, ಮುಂದೆ ಒಳ್ಳೆಯ ಜರ್ನಲಿಗೆ ಕಳಿಸುವಾಗ ಸಂಪಾದಕರಿಗೆ ಪತ್ರದಲ್ಲೇ ನಡೆದದ್ದೆಲ್ಲ ಹೇಳಿ, ಸ್ಕ್ರೀನ್‌ಶಾಟ್ ಜೊತೆಗಿಡಿ. ಮುಚ್ಚಿಟ್ಟರೆ ಮಾತ್ರ ಕಷ್ಟ.

ಗೈಡ್ ಹತ್ತಿರ ಹೇಳೋಕೆ ಹೆದರಬೇಡಿ. ಅವರ ಹೆಸರೂ ಆ ಪೇಪರಿನಲ್ಲಿದೆ. ಅಧ್ಯಾಪಕರ ಬಡ್ತಿಗೆ ಯಾವ ಪೇಪರ್ ಲೆಕ್ಕಕ್ಕೆ ಬರುತ್ತದೆ ಅಂತ ಮೆಡಿಕಲ್ ಕೌನ್ಸಿಲ್ 2020ರಲ್ಲೇ ಪಟ್ಟಿ ಕೊಟ್ಟಿತ್ತು. ಮೆಡ್‌ಲೈನ್, ಪಬ್‌ಮೆಡ್ ಸೆಂಟ್ರಲ್, ಸ್ಕೋಪಸ್, ಎಂಬೇಸ್, ಡಿಒಎಜೆ, ಹೀಗೆ ಜರ್ನಲುಗಳನ್ನು ಪರಿಶೀಲಿಸಿ ಸೇರಿಸಿಕೊಳ್ಳುವ ಪಟ್ಟಿಗಳು. ಈ ಜರ್ನಲ್ ಅದರಲ್ಲಿ ಯಾವುದರಲ್ಲೂ ಇಲ್ಲದಿದ್ದರೆ ಅವರಿಗೂ ಇದರಿಂದ ಏನೂ ಸಿಗಲ್ಲ.

ಲೈಬ್ರರಿ_ಚಿಕ್ಕಮಗಳೂರು

ನಾನು ಕಾಲೇಜು ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ಇಂಥ ಮೇಲ್ ಪ್ರಿಂಟ್ ತೆಗೆದುಕೊಂಡು ವಾರಕ್ಕೆ ಒಬ್ಬರಾದರೂ ನನ್ನ ಹತ್ತಿರ ಬರುತ್ತಾರೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ.

ಐಎಸ್‌ಎಸ್‌ಎನ್ ಅಂದರೆ ಬರೀ ಒಂದು ನಂಬರ್. ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ. ಬ್ರೇಕ್ ಸರಿ ಇದೆಯಾ ಅಂತ ಅದು ಹೇಳಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಆ ಜರ್ನಲಿನ ಪೇಪರುಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಅನ್ನುವ ಅಂಕಿ, ಅದನ್ನು ಲೆಕ್ಕ ಹಾಕಿ ಕೊಡೋದು ಕ್ಲಾರಿವೇಟ್ ಅನ್ನುವ ಒಂದೇ ಕಂಪನಿ. ಅದೇ ಹೆಸರಿನ ಹಿಂದೆ 'ಗ್ಲೋಬಲ್', 'ಯೂನಿವರ್ಸಲ್' ಅಂತೆಲ್ಲ ಸೇರಿಸಿದ್ದರೆ ದೂರ ಇರಿ. ಗೂಗಲ್ ಸ್ಕಾಲರಿನಲ್ಲಿ ಸಿಗುತ್ತದೆ ಅನ್ನೋದೂ ಗುಣಮಟ್ಟದ ಗುರುತಲ್ಲ, ಅದು ಸಿಕ್ಕಿದ್ದನ್ನೆಲ್ಲ ತೋರಿಸುತ್ತದೆ.

ಸ್ಕೋಪಸ್‌ನಲ್ಲಿ ಇದ್ದೇವೆ ಅಂತ ಜರ್ನಲಿನವರು ಹೇಳಿದರೆ ನಂಬಬೇಡಿ, ಸ್ಕೋಪಸ್‌ನ ಸ್ವಂತ ಪುಟಕ್ಕೇ ಹೋಗಿ ಹುಡುಕಿ. ಮೆಡ್‌ಲೈನ್ ಆದರೆ ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್‌ನ ಕ್ಯಾಟಲಾಗಿನಲ್ಲಿ ನೋಡಿ. ಹೆಸರಿನ ಜೊತೆ ವೆಬ್‌ಸೈಟ್ ವಿಳಾಸವನ್ನೂ ಅಕ್ಷರ ಅಕ್ಷರ ಹೋಲಿಸಿ, ಯಾಕಂದರೆ ಒಳ್ಳೆಯ ಜರ್ನಲಿನ ಹೆಸರು, ಐಎಸ್‌ಎಸ್‌ಎನ್ ಎರಡನ್ನೂ ಕದ್ದು ಹಾಗೇ ಇನ್ನೊಂದು ಸೈಟ್ ಮಾಡುವವರಿದ್ದಾರೆ.

ನೀವೊಬ್ಬರೇ ಬಿದ್ದಿಲ್ಲ, ಅದಕ್ಕೆ ನಾಚಿಕೆ ಪಡಬೇಡಿ. 2013ರಲ್ಲಿ ಜಾನ್ ಬೊಹ್ಯಾನನ್ ಅನ್ನುವ ಪತ್ರಕರ್ತ 'ಸೈನ್ಸ್' ಪತ್ರಿಕೆಗಾಗಿ ಒಂದು ಪರೀಕ್ಷೆ ಮಾಡಿದರು. ಕಲ್ಲುಹೂವಿನಿಂದ ತೆಗೆದ ಒಂದು ವಸ್ತು ಕ್ಯಾನ್ಸರ್ ಕೋಶ ತಡೆಯುತ್ತದೆ ಅಂತ ಪೂರ್ತಿ ಸುಳ್ಳು ಪೇಪರ್, ಓದಿದರೆ ಯಾರಿಗಾದರೂ ಕಾಣುವಂಥ ತಪ್ಪುಗಳನ್ನು ಬೇಕಂತಲೇ ಇಟ್ಟು, 304 ಜರ್ನಲುಗಳಿಗೆ ಕಳಿಸಿದರು. 157 ಜರ್ನಲುಗಳು ಒಪ್ಪಿಕೊಂಡವು! ಅದರಲ್ಲಿ ಡಿಒಎಜೆ ಪಟ್ಟಿಯಲ್ಲಿದ್ದವೂ ಇದ್ದವು. ಆಮೇಲೆ ಡಿಒಎಜೆಯವರು ಎಲ್ಲರ ಹತ್ತಿರ ಹೊಸದಾಗಿ ಅರ್ಜಿ ಹಾಕಿಸಿ 2016ರಲ್ಲಿ ಸಾವಿರಾರು ಜರ್ನಲ್ ತೆಗೆದುಹಾಕಿದರು. ನಮ್ಮ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಪ್ಪಿದ ಜರ್ನಲುಗಳ ಪಟ್ಟಿಯ ಕಥೆಯೂ ಅಷ್ಟೇ. 2018ರಲ್ಲಿ ಒಂದೇ ಸಲ 4,305 ಜರ್ನಲ್ ತೆಗೆದರು, 2019ರಲ್ಲಿ ಕೇರ್ ಅಂತ ಹೊಸ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಿದರು. ಹಾಗಾಗಿ ಯಾವುದೋ ಪಟ್ಟಿಯಲ್ಲಿದೆ ಅಂತ ಸುಮ್ನೆ ಕೂರುವ ಹಾಗಿಲ್ಲ. ಅದೇ ಜರ್ನಲಿನ ಹಳೇ ಪೇಪರ್ ಎರಡು ಓದಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ.

ವಾಪಸ್ ತಗೊಳ್ಳೋಕೆ ಫೀಸ್ ಕೇಳೋದೂ ಹಳೇ ದಾರಿ. ಹೈದರಾಬಾದಿನ ಓಮಿಕ್ಸ್ ಕಂಪನಿ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಕೇಸ್ ಹಾಕಿತು. ಪೇಪರ್ ಒಪ್ಪಿಕೊಂಡ ಮೇಲೆ ಫೀಸ್ ಹೇಳೋದು, ವಾಪಸ್ ಕೇಳಿದರೆ ಬಿಡದೇ ಇರೋದು, ಒಪ್ಪಿಗೆಯೇ ಕೊಡದವರನ್ನು ಸಂಪಾದಕರು ಅಂತ ತೋರಿಸೋದು, ಇವೇ ದೂರುಗಳು. 2019ರಲ್ಲಿ ಕೋರ್ಟು 5 ಕೋಟಿ ಡಾಲರಿಗೂ ಜಾಸ್ತಿ ಕಟ್ಟಬೇಕು ಅಂತ ತೀರ್ಪು ಕೊಟ್ಟಿತು. ನಿಮಗೆ ಬಂದ ಮೇಲ್ ನೋಡಿದರೆ ಅದೇ ಓದಿದ ಹಾಗಿದೆ ಅಲ್ವಾ.

ಹಳೇ_ರೆಸಿಡೆಂಟ್

ನಾನು ಕಟ್ಟಿದ್ದೆ. ಎಷ್ಟೋ ವರ್ಷದ ಹಿಂದೆ, ಪರೀಕ್ಷೆ ಹತ್ತಿರ ಇತ್ತು, ಮುಗಿದರೆ ಸಾಕು ಅನ್ನಿಸಿತ್ತು. ಸರ್ಟಿಫಿಕೇಟ್ ಅಂತ ಒಂದು ಬಣ್ಣದ ಕಾಗದ ಕೂಡ ಕಳಿಸಿದರು. ಎರಡು ವರ್ಷ ಆದ ಮೇಲೆ ನೋಡಿದರೆ ಆ ವೆಬ್‌ಸೈಟೇ ಇಲ್ಲ, ನನ್ನ ಪೇಪರ್ ಎಲ್ಲೂ ಇಲ್ಲ. ಪ್ರಕಟ ಆಗಿದ್ದನ್ನು ಇನ್ನೊಂದು ಕಡೆ ಕೊಡೋಕೂ ಆಗಲ್ಲ. ರಕ್ತಹೀನತೆ ಇರುವ ಗರ್ಭಿಣಿಯರ ಮೇಲೆ ಮಾಡಿದ ಕೆಲಸ ಅದು, ಅವರಲ್ಲಿ ಕೆಲವರು ನನಗೋಸ್ಕರ ಅಂತಲೇ ಎರಡನೇ ಸಲ ಬಸ್ ಹತ್ತಿ ಬಂದು ರಕ್ತ ಕೊಟ್ಟಿದ್ದರು. ಅವರ ಮುಖ ಇವತ್ತೂ ನೆನಪಾಗುತ್ತದೆ. ನೀವು ಕಟ್ಟಬೇಡಿ.

ಮೂಡಿಗೆರೆ_ತೋಟದವ

ನಾನು ಡಾಕ್ಟರ್ ಅಲ್ಲ, ಈ ಜರ್ನಲ್ ವಿಷಯ ನನಗೆ ಅರ್ಧ ಅರ್ಥ ಆಯ್ತು. ಆದರೂ ಹಾವಿನ ವಿಷಯ ಅಂತ ಬರೆಯುತ್ತಿದ್ದೇನೆ.

ಹೋದ ಕುಯ್ಲಿನಲ್ಲಿ ನಮ್ಮ ತೋಟದ ಹೆಣ್ಣಾಳು ಒಬ್ಬರಿಗೆ ಗಿಡದ ಬುಡದಲ್ಲಿ ಬಿದ್ದ ಹಣ್ಣು ಹೆಕ್ಕುವಾಗ ಬೆರಳಿಗೆ ಕಚ್ಚಿತು. ಚಿಕ್ಕ ಹಾವು, ದರಗಿನ ಬಣ್ಣವೇ, ಮೂಗಿನ ತುದಿ ಮೇಲಕ್ಕೆ ಎದ್ದಿತ್ತು. ನಮ್ಮ ತೋಟದ ಲೆಕ್ಕ ನೋಡುವ ರೈಟರ್ ಫೋಟೋ ಹೊಡೆದಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರ್ ಆ ಫೋಟೋ ನೋಡಿ, ಇದು ನಾಗರ, ಕಟ್ಟುಹಾವು, ಕೊಳಕುಮಂಡಲ ಯಾವುದೂ ಅಲ್ಲ, ನಮ್ಮಲ್ಲಿರುವ ಔಷಧಿ ಇದಕ್ಕೆ ಹಿಡಿಯಲ್ಲ, ಕಿಡ್ನಿ ಮೇಲೆ ಕಣ್ಣಿಟ್ಟು ನೋಡಿಕೊಳ್ಳಬೇಕು ಅಂದರು. ಹುಷಾರಾದರು. ಆ ಡಾಕ್ಟರಿಗೆ ಗೊತ್ತಿತ್ತು. ಗೊತ್ತಿಲ್ಲದವರಾಗಿದ್ದರೆ?

ನಿಮ್ಮ ಪೇಪರಿನಲ್ಲಿ ಈ ಹಾವಿನ ಲೆಕ್ಕ ಇದೆಯಾ ಡಾಕ್ಟ್ರೇ? ಇದ್ದರೆ ದಯವಿಟ್ಟು ತಾಲೂಕು ಆಸ್ಪತ್ರೆ ಡಾಕ್ಟರಿಗೆ ಹುಡುಕಿದರೆ ಸಿಗುವ ಜಾಗದಲ್ಲಿ ಹಾಕಿ.

ಮೆಡಿಸಿನ್_ಟೀಚರ್

ಮೂಡಿಗೆರೆಯವರು ಹೇಳಿದ್ದೇ ನಿಜವಾದ ವಿಷಯ. ಅದು ಹಂಪ್-ನೋಸ್ಡ್ ಪಿಟ್ ವೈಪರ್ ಇರಬೇಕು, ಗುಳಿಮಂಡಲದ ಜಾತಿ. ನಮ್ಮ ದೇಶದಲ್ಲಿ ಸಿಗುವ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಔಷಧಿ, ನಾಲ್ಕು ಹಾವಿನ ವಿಷಕ್ಕೆ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಪಶ್ಚಿಮ ಘಟ್ಟದ ಈ ಹಾವಿಗೆ ಅದು ಕೆಲಸ ಮಾಡಲ್ಲ. ಇದನ್ನು ಕೊಳಕುಮಂಡಲ ಅಂದುಕೊಂಡು ಬಾಟಲಿ ಮೇಲೆ ಬಾಟಲಿ ಏರಿಸಿದರೆ ಉಪಯೋಗ ಇಲ್ಲ, ಅಲರ್ಜಿಯ ಅಪಾಯ ಮಾತ್ರ ಉಳಿಯುತ್ತದೆ. ಕೇರಳದಿಂದ ಇದರ ಮೇಲೆ ಒಳ್ಳೆಯ ಪೇಪರುಗಳು ಬಂದಿವೆ. ನಮ್ಮ ಮಲೆನಾಡಿನಿಂದಲೂ ಬರಬೇಕು. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡುವ ಕಾಯಿಲೆಗಳ ಪಟ್ಟಿಗೆ ಸೇರಿಸಿದೆ. ಸರ್ಕಾರದ ಲೆಕ್ಕದಲ್ಲಿ ಎಷ್ಟು ಜನ ಅಂತ ಸಿಗಬಹುದು, ಆದರೆ ಯಾವ ಹಾವು, ಎಷ್ಟು ಹೊತ್ತಿಗೆ ರಕ್ತ ಕೆಟ್ಟಿತು, ಕಿಡ್ನಿ ಯಾವಾಗ ಕೈಕೊಟ್ಟಿತು ಅನ್ನೋದು ನಿಮ್ಮ ಕೇಸ್ ಶೀಟಿನಲ್ಲಿದೆ.

ದುಡ್ಡು ಕೇಳದ ಒಳ್ಳೆಯ ಜರ್ನಲ್ ನಮ್ಮ ದೇಶದಲ್ಲೇ ಇವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ 1913ರಿಂದ ಬರುತ್ತಿದೆ, ಲೇಖಕರಿಂದ ಫೀಸ್ ಇಲ್ಲ. ಅಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ, ತಿರಸ್ಕಾರವೂ ಆಗಬಹುದು, ಆದರೆ ವಿಷಯ ಗೊತ್ತಿರುವವರು ಓದಿ ಬರೆದ ಟಿಪ್ಪಣಿ ನಿಮ್ಮ ಕೈಗೆ ಬರುತ್ತದೆ. ಅದನ್ನಿಟ್ಟುಕೊಂಡು ತಿದ್ದಿ ಮುಂದಿನ ಜರ್ನಲಿಗೆ ಕಳಿಸಿ. ಅಷ್ಟರವರೆಗೆ ಕೆಲಸ ಮುಗಿದಿದೆ ಅಂತ ತೋರಿಸಬೇಕಿದ್ದರೆ ಮೆಡ್‌ಆರ್ಕೈವ್ ಅನ್ನುವ ವೆಬ್‌ಸೈಟಿನಲ್ಲಿ ಪ್ರಿಪ್ರಿಂಟ್, ಅಂದರೆ ಜರ್ನಲಿನವರು ಪರಿಶೀಲಿಸುವ ಮೊದಲಿನ ಪ್ರತಿ, ಹಾಕಬಹುದು, ಅದು ಉಚಿತ, ತಾರೀಖು ಸಮೇತ ಇರುತ್ತದೆ. ಎಥಿಕ್ಸ್ ಕಮಿಟಿ ಒಪ್ಪಿಗೆಯ ವಿವರ ಕೇಳುತ್ತಾರೆ, ಥೀಸಿಸ್ ಆದ್ದರಿಂದ ನಿಮ್ಮ ಹತ್ತಿರ ಇರಲೇಬೇಕು. ಆದರೆ ಪ್ರಿಪ್ರಿಂಟ್ ಅನ್ನು ಪಬ್ಲಿಕೇಷನ್ ಅಂತ ಎಲ್ಲೂ ತೋರಿಸಬೇಡಿ.

ಹಾಸನ_ಪಿಜಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾಪಿರೈಟ್ ಫಾರ್ಮಿಗೆ ಸಹಿ ಹಾಕಿರಲಿಲ್ಲ, ಪುಣ್ಯ. ನಿನ್ನೆ ರಾತ್ರಿ ಮೇಲ್ ಕಳಿಸಿದೆ. ಬೆಳಿಗ್ಗೆ ರೌಂಡ್ಸ್ ಮುಗಿದ ಮೇಲೆ ಗೈಡ್‌ಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಅವರೇ ಕೂತು ಸ್ಕೋಪಸ್ ಪುಟ ತೆಗೆದು ನೋಡಿದರು. ಆ ಜರ್ನಲ್ ಇಲ್ಲ. ಅವಸರ ಬೇಡ, ಸರಿಯಾಗಿ ಬರೆಯೋಣ ಅಂದರು.

ಮೂಡಿಗೆರೆ ಸರ್, ಆ ಹಾವಿನ ಕೇಸುಗಳು ನನ್ನ ಲೆಕ್ಕದಲ್ಲಿ ಇವೆ, ಕಮ್ಮಿ ಇವೆ. ತುಂಬಾ ಜನ ಹಾವು ನೋಡಿರಲ್ಲ, ಇಲ್ಲವೇ ಹೊಡೆದು ಎಸೆದು ಬಂದಿರುತ್ತಾರೆ. ಹಾಗಾಗಿ 'ಯಾವ ಹಾವೋ ಗೊತ್ತಿಲ್ಲ' ಅನ್ನುವ ಸಾಲೇ ನನ್ನ ಟೇಬಲಿನಲ್ಲಿ ದೊಡ್ಡದು. ಅದನ್ನು ಪೇಪರಿನಲ್ಲಿ ಹಾಗೇ ಬರೆಯುತ್ತೇನೆ. ನಿಮ್ಮ ರೈಟರಿಗೆ ನನ್ನ ಪರವಾಗಿ ನಮಸ್ಕಾರ ಹೇಳಿ. ಹತ್ತಿರ ಹೋಗದೆ, ಹಿಡಿಯೋಕೆ ಹೋಗದೆ, ದೂರದಿಂದಲೇ ಒಂದು ಫೋಟೋ ಹೊಡೆದರೆ ಸಾಕು ಅಂತ ಬೇರೆ ತೋಟದವರಿಗೂ ಅವರು ಹೇಳಿದರೆ ದೊಡ್ಡ ಉಪಕಾರ.