ದೊಡ್ಡಪ್ಪನ ತೋಟದ ಕೈಪಿಡಿ: ಒಂದನ್ನೂ ಅಳಿಸಬೇಡ ತಮ್ಮಾ

ತಮ್ಮಾ, ಬೆಳಿಗ್ಗೆ ನೀನು ಹಾಕಿದ ಮೆಸೇಜ್ ನೋಡಿದೆ. ದೊಡ್ಡಪ್ಪನ ತೋಟದ ಕೈಪಿಡಿ ಹಳೇ ಕಂಪ್ಯೂಟರಿನಲ್ಲಿ ಏಳು ಫೈಲಾಗಿ ಬಿದ್ದಿದೆ, ‘ಫೈನಲ್’, ‘ಹೊಸ ಫೈನಲ್’ ಅಂತೆಲ್ಲ ಹೆಸರಿದೆ, ಒಂದು ಇಟ್ಟುಕೊಂಡು ಉಳಿದದ್ದು ಡಿಲೀಟ್ ಮಾಡಲಾ ಅಂತ ಕೇಳಿದ್ದೀಯ. ಬೇಡ ಮಾರಾಯ. ಮೊದಲು ಇಡೀ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡು. ಏನೇ ಮಾಡುವುದಿದ್ದರೂ ಆ ಕಾಪಿಯಲ್ಲಿ ಮಾಡು, ಮೂಲ ಮುಟ್ಟಬೇಡ.

ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ನೀನು ಕಳಿಸಿದ ಎರಡು ಫೈಲಲ್ಲಿ ಔಷಧಿ ಪುಟವನ್ನೇ ನೋಡಿದೆ. ಒಂದರಲ್ಲಿ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಇನ್ನೊಂದರಲ್ಲಿ 10 ಲೀಟರ್! ಅಡಿಕೆಯ ಕೊಳೆರೋಗಕ್ಕೆ ಗೊನೆಗೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರೇ ಸರಿ. 10 ಲೀಟರಿಗೆ ಕಲಸಿದರೆ ಅದು ಮರಕ್ಕೆ ಹಚ್ಚುವ ಬೋರ್ಡೋ ಮುಲಾಮು. ಮುಲಾಮಿನ ಸಾಲು ಯಾವಾಗಲೋ ಈ ಪುಟಕ್ಕೆ ಸೇರಿಕೊಂಡಿರಬೇಕು. ಆ ಫೈಲೇ ಪ್ರಿಂಟಾಗಿ ಹುಡುಗರ ಕೈಗೆ ಹೋಗಿದ್ದರೆ? ನೆನೆಸಿಕೊಂಡರೇ ಹೆದರಿಕೆ ಆಗುತ್ತದೆ.

ಫೈಲಿನ ತಾರೀಕು ನೋಡಿ ಇದೇ ಹೊಸದು ಅಂತ ನಂಬಬೇಡ. ಸುಮ್ನೆ ತೆರೆದು ಸೇವ್ ಒತ್ತಿದರೂ ತಾರೀಕು ಬದಲಾಗುತ್ತದೆ. ವರ್ಡ್‌ನಲ್ಲಿ, ಲಿಬ್ರೆಆಫೀಸ್‌ನಲ್ಲಿ ಎರಡು ಫೈಲು ಹೋಲಿಸಿ ತೋರಿಸುವ ಸೌಲಭ್ಯ ಇದೆ. ಬೇರೆ ಬೇರೆ ಇರುವ ಸಾಲು ಗುರುತು ಹಾಕಿಕೊಂಡು ದೊಡ್ಡಪ್ಪನ ಎದುರು ಕೂತು ಓದು. ಅಂಕಿ ಬಂದಲ್ಲೆಲ್ಲ ನಿಲ್ಲಿಸು, ಅವರ ಬಾಯಲ್ಲೇ ಹೇಳಿಸು.

ಇನ್ನು ‘ಹಾಳಾಗಿದೆ’ ಅಂದೆಯಲ್ಲ, ಹುಳ ಹುಳ ಇಂಗ್ಲಿಷ್ ಅಕ್ಷರ ಕಾಣುವ ಫೈಲು, ಅದು ಹಾಳಾಗಿಲ್ಲ. 2004ರಲ್ಲಿ ನಾನೇ ಸಾಗರದ ಡಿಟಿಪಿ ಅಂಗಡಿಯಲ್ಲಿ ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡದ ಆಕಾರ ಕೂರಿಸುತ್ತಿದ್ದವು. ಆ ಫಾಂಟ್ ಹಾಕಿದರೆ ಕನ್ನಡ ಕಾಣುತ್ತದೆ. ಆಮೇಲೆ ಈಗಿನ ಕಂಪ್ಯೂಟರು, ಫೋನಲ್ಲೆಲ್ಲ ಕನ್ನಡವಾಗಿಯೇ ಕಾಣುವ ಯುನಿಕೋಡಿಗೆ ಬದಲಿಸೋಣ, ಕನ್ವರ್ಟರ್ ನನ್ನ ಹತ್ತಿರ ಇದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಂದೊಂದೂ ನೋಡಬೇಕು, ಅಲ್ಲೇ ತಪ್ಪು ಜಾಸ್ತಿ. ಹಳೇ ಫೈಲು ಹಾಗೇ ಇರಲಿ.

ಸರಿ ಮಾಡಿದ್ದಕ್ಕೆ ‘ತೋಟದ ಕೈಪಿಡಿ 2025-06-08’ ಅನ್ನೋ ಹಾಗೆ ವರ್ಷ, ತಿಂಗಳು, ದಿನ ಹಾಕಿ ಹೆಸರಿಡು, ತಾನಾಗೇ ಸಾಲಾಗಿ ಕೂರುತ್ತದೆ. ‘ಫೈನಲ್’ ಅನ್ನುವ ಪದವೇ ಬೇಡ. ತಿದ್ದುವುದಕ್ಕೆ ಒಂದು ಫೈಲು, ಪ್ರಿಂಟಿಗೆ ಅದರದ್ದೇ ಪಿಡಿಎಫ್. ಹಳೆಯವೆಲ್ಲ ‘ಹಳೆಯದು’ ಅನ್ನುವ ಫೋಲ್ಡರಿಗೆ. ಫೋಟೋಗಳನ್ನು ವಾಟ್ಸಾಪಲ್ಲಿ ಫೋಟೋ ಅಂತ ಕಳಿಸಬೇಡ, ಕುಗ್ಗಿಬಿಡುತ್ತವೆ. ಡಾಕ್ಯುಮೆಂಟ್ ಅಂತ ಕಳಿಸು.

ಕಾಪಿ ಒಟ್ಟು ಮೂರು ಬೇಕು. ಒಂದು ನಿನ್ನ ಲ್ಯಾಪ್‌ಟಾಪಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಲ್ಲಿ, ಒಂದು ಬೆಂಗಳೂರಲ್ಲಿ ನಮ್ಮ ಮನೆಯಲ್ಲಿ. ಎರಡು ವರ್ಷದ ಹಿಂದೆ ಸಿಡಿಲು ಬಡಿದ ರಾತ್ರಿ ನನ್ನ ಕಂಪ್ಯೂಟರೂ ಅದಕ್ಕೆ ಚುಚ್ಚಿದ್ದ ಡಿಸ್ಕೂ ಒಟ್ಟಿಗೇ ಹೋದವು. ಅಮ್ಮ ಹೇಳಿ ಬರೆಸಿದ್ದ ಉಪ್ಪಿನಕಾಯಿ ಪುಸ್ತಕ ಅದರಲ್ಲೇ ಇತ್ತು. ಮಿಡಿ ಆರಿಸುವ ಪುಟ ಅಮ್ಮನ ಮಾತಿನಲ್ಲೇ ಇತ್ತು ತಮ್ಮಾ, ಈಗ ಮತ್ತೆ ಹೇಳಲು ಅಮ್ಮ ಇಲ್ಲ. ಹಾಗಾಗಿ ಕಾಪಿ ಆದಮೇಲೆ ಡಿಸ್ಕಿನ ವಯರ್ ಕಿತ್ತಿಡು. ಗೂಗಲ್ ಡ್ರೈವ್‌ಗೂ ಹಾಕು, ಆದರೆ ಅದೊಂದೇ ಸಾಕು ಅನ್ನಬೇಡ. ಅಲ್ಲಿ ಅಳಿಸಿದ್ದು ಕಸದಬುಟ್ಟಿಯಲ್ಲಿ 30 ದಿನ ಮಾತ್ರ ಇರುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೂರನ್ನೂ ತೆರೆದು ನೋಡಬೇಕು.

ಆ ಚೂರಿಯ ಫೋಟೋ ಸಿಕ್ಕಿತಾ? ಬೋರ್ಡೋ ದ್ರಾವಣದಲ್ಲಿ ಅದ್ದಿದ ಚೂರಿಗೆ ಕೆಂಪು ಕಟ್ಟಿದರೆ ಸುಣ್ಣ ಸಾಲದು ಅಂತ ದೊಡ್ಡಪ್ಪ ತೋರಿಸುತ್ತಾರಲ್ಲ, ಅದು. ಹುಡುಕಿ ಅದನ್ನೂ ಸೇರಿಸು. ಪೆನ್‌ಡ್ರೈವ್‌ಗೆ ಕಾಪಿ ಆದ ತಕ್ಷಣ ಗ್ರೂಪಲ್ಲಿ ಹಾಕು, ಭಾನುವಾರ ನಾನು ಫೋನ್ ಮಾಡುತ್ತೇನೆ.